ಎಡೆ ಮುಟ್ಟದ ಕಾಗೆ

ತಿಮ್ಮೇಶನ ಗ್ರಹಚಾರ ಕೆಟ್ಟದ್ದು ಒಂದು ಕಾಗೆ ಊಟಕ್ಕೆ ಒಪ್ಪದೆ ಹೋದದ್ದರಿಂದ.

ಅವನ ದೊಡ್ಡಪ್ಪ ಉಚ್ಚೆಂಗಪ್ಪ ತೀರಿಕೊಂಡು ಅಂದಿಗೆ ಹನ್ನೊಂದು ದಿನ. ಹರಿಹರದ ಹೊಳೆದಂಡೆಯಲ್ಲಿ ಬಾಳೆ ಎಲೆ ಹಾಸಿ, ಅನ್ನ, ಹೋಳಿಗೆ, ಸತ್ತವನಿಗೆ ಪ್ರಾಣವಾಗಿದ್ದ ಮೆಣಸಿನಕಾಯಿ ಬಜ್ಜಿ ಎಲ್ಲ ಬಡಿಸಿ ಬಂಧುಗಳು ಹಿಂದೆ ಸರಿದು ನಿಂತು ಆಗಲೇ ಎರಡು ತಾಸಾಗಿತ್ತು. ಕಾಗೆ ಮುಟ್ಟಿದರೆ ಹೋದವರ ಮನಸ್ಸು ಶಾಂತವಾಯಿತೆಂದು ಅರ್ಥ; ಆಮೇಲೆಯೇ ಇದ್ದವರಿಗೆ ಊಟ. ಕಾಗೆಯೇನೋ ಬಂದಿತ್ತು. ಒಂದೇ ಒಂದು. ಎಲೆಯಿಂದ ನಾಲ್ಕು ಮಾರು ದೂರದ ಬಂಡೆಯ ಮೇಲೆ ಕೂತು, ಎಡೆಯ ಕಡೆ ಕತ್ತೂ ಹೊರಳಿಸದೆ ತಿಮ್ಮೇಶನನ್ನೇ ನೋಡುತ್ತಿತ್ತು.

ಹೊಳೆ ಬೇಸಿಗೆಗೆ ಸೊರಗಿ ಸದ್ದಿಲ್ಲದೆ ಹರಿಯುತ್ತಿತ್ತು. ಗಾಳಿಯ ಸುಳಿವಿರಲಿಲ್ಲ. ಆದರೂ ಬಾಳೆ ಎಲೆಯ ತುದಿ ಮಾತ್ರ, ಯಾರೋ ಬೆರಳಿನಿಂದ ಎತ್ತಿ ಬಿಟ್ಟಂತೆ, ಆಗಾಗ ಅಲುಗುತ್ತಿತ್ತು. ನೆತ್ತಿ ಸುಡುವ ಬಿಸಿಲಿನಲ್ಲಿ ತಿಮ್ಮೇಶನ ಬೆನ್ನು ತಣ್ಣಗಾಗಿತ್ತು.

“ಏನೋ ಮನಸ್ನಾಗೆ ಇಟ್ಕಂಡು ಹೋಗ್ಯಾನೆ ಅಪ್ಪ,” ಎಂದ ಉಚ್ಚೆಂಗಪ್ಪನ ಮಗ ಪರಶುರಾಮ್.

“ಮಾತು ಕೊಡ್ರಿ, ಮಾತು ಕೊಡ್ರಿ!” ಎಂದ ಪಕ್ಕದ ಮನೆಯ ಬಕ್ಕೇಶ್. ಯಾರ ಮನೆಯಲ್ಲಿ ಸಾವಾದರೂ ಸಲಹೆ ಕೊಡಲು ಮೊದಲು ಬಂದು, ಉಂಡು ಕಡೆಗೆ ಹೋಗುವ ಮನುಷ್ಯ ಅವನು.

ಪರಶುರಾಮ್ ಕೈ ಮುಗಿದ. “ಅಪ್ಪಾ, ಅವ್ವನ್ನ ಚೆನ್ನಾಗಿ ನೋಡ್ಕಂತೀನಿ.” ಕಾಗೆ ಅಲುಗಲಿಲ್ಲ. “ತಂಗೀರ ಮನೀಗೆ ಹಬ್ಬಕ್ಕೆ ಸೀರೆ ಕಳಿಸ್ತೀನಿ.” ಕಾಗೆ ರೆಕ್ಕೆ ಕೆರೆದುಕೊಂಡಿತು. “ಕುಡಿಯೋದು ಬಿಡ್ತೀನಪ್ಪಾ,” ಎಂದಾಗ ಮಾತ್ರ ಅದು ಮುಖ ತಿರುಗಿಸಿತು. ಬದುಕಿದ್ದಾಗಲೂ ಆ ಮಾತಿಗೆ ಉಚ್ಚೆಂಗಪ್ಪ ಹಾಗೆಯೇ ಮಾಡುತ್ತಿದ್ದ. ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದೊಡ್ಡಪ್ಪ ಮನಸ್ಸಿನಲ್ಲಿ ಏನಿಟ್ಟುಕೊಂಡು ಹೋಗಿದ್ದಾನೆಂಬುದು ತಿಮ್ಮೇಶನೊಬ್ಬನಿಗೇ ಗೊತ್ತಿತ್ತು.

ದಾವಣಗೆರೆಯ ವಿನೋಬನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ತಿಮ್ಮೇಶನಿಗೆ ಷೇರುಪೇಟೆಯ ರುಚಿ ಹತ್ತಿದ್ದು ಈ ದೊಡ್ಡಪ್ಪನನ್ನು ನೋಡಿಯೇ. ಹರಿಹರದ ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿ ಅಲ್ಲೇ ಇದ್ದ ಉಚ್ಚೆಂಗಪ್ಪ ಪೇಟೆಯ ಏಳುಬೀಳುಗಳನ್ನು ನಲವತ್ತು ವರ್ಷ ಕಂಡವನು. ಎಲ್ಲರೂ ಬಾಯಿ ಬಡಿದುಕೊಳ್ಳುವಾಗ ಅವನು ಬಜ್ಜಿ ತಿನ್ನುತ್ತಿದ್ದ. “ಬಿದ್ದಿದ್ದು ಏಳ್ತೈತೆ ತಿಮ್ಮ. ಆದ್ರೆ ಏಳೋ ತನಕ ಕಾಯೋ ದುಡ್ಡಾಗಿರ್ಬೇಕು. ಮಗಳ ಫೀಸು ಕಾಯಲ್ಲ, ನೆನಪಿಟ್ಕ.” ತಿಮ್ಮೇಶ ನೆನಪಿಟ್ಟುಕೊಂಡದ್ದು ಮೊದಲ ಅರ್ಧ ಮಾತ್ರ. ಮಗಳು ಕೀರ್ತನಾಳ ನರ್ಸಿಂಗ್ ಕಾಲೇಜಿಗೆಂದು ಹೆಂಡತಿ ಪ್ರೇಮಲತಾ ಚೀಟಿ ಹಾಕಿ ಕೂಡಿಸಿದ್ದ ಎರಡು ಲಕ್ಷ ಎಂಬತ್ತು ಸಾವಿರವನ್ನು ಬ್ಯಾಂಕಿನಲ್ಲಿಟ್ಟಿದ್ದೇನೆಂದು ಸುಳ್ಳು ಹೇಳಿ ಷೇರಿಗೆ ಸುರಿದಿದ್ದ. ಸಾಯುವ ನಾಲ್ಕು ದಿನ ಮೊದಲು ದೊಡ್ಡಪ್ಪ ಅವನ ಕೈ ಹಿಡಿದು, “ಫೀಸಿನ ದುಡ್ಡಿಗೆ ಕೈ ಹಾಕಿಲ್ಲ ತಾನೇ?” ಎಂದು ಕೇಳಿದ್ದ. ತಿಮ್ಮೇಶ, “ಇಲ್ಲ ದೊಡ್ಡಪ್ಪ,” ಎಂದಿದ್ದ.

ಈಗ ಫೀಸು ಕಟ್ಟಲು ಇನ್ನು ಹತ್ತೇ ದಿನ ಉಳಿದಿತ್ತು. ಪೇಟೆ ಮೂರು ದಿನದಿಂದ ಜಾರುತ್ತಲೇ ಇತ್ತು. ಮರೆಯಲ್ಲಿ ಫೋನು ತೆಗೆದು ನೋಡಿದ: ಎರಡು ಲಕ್ಷ ಹತ್ತು ಸಾವಿರ.

“ಕಾ,” ಎಂದಿತು ಕಾಗೆ.

ತಿಮ್ಮೇಶ ಬೆಚ್ಚಿ ಫೋನು ಜೇಬಿಗೆ ಹಾಕಿದ. ಕಾಗೆ ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದ. ಇನ್ನೂ ಇಳಿದಿತ್ತು. “ಕಾ!” ಈ ಸಲ ದನಿ ಗದರಿದಂತಿತ್ತು. ತಿಮ್ಮೇಶ ಫೋನನ್ನು ಅಂಗೈಯಲ್ಲಿ ಮುಚ್ಚಿದ. ನಾಳೆ ಏಳಬಹುದು, ಏಳಲೇಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಅಷ್ಟರಲ್ಲಿ ಫೋನು ರಿಂಗಾಯಿತು. ಪರದೆಯ ತುಂಬ ಉಚ್ಚೆಂಗಪ್ಪನ ಮುಖ. ಕೆಳಗೆ ‘ದೊಡ್ಡಪ್ಪ’ ಎಂಬ ಹೆಸರು.

ಪಕ್ಕದಲ್ಲಿ ಇಣುಕುತ್ತಿದ್ದ ಬಕ್ಕೇಶ್ ಅದನ್ನು ಕಂಡವನೇ ಮರಳಿನ ಮೇಲೆ ಕುಸಿದು ಕೂತ. ತಿಮ್ಮೇಶನ ಬೆರಳು ಎಲ್ಲೆಲ್ಲೋ ತಾಗಿ ಸ್ಪೀಕರ್ ಆನ್ ಆಯಿತು.

“ತಿಮ್ಮಾ, ಕಾಗಿ ಮುಟ್ತೇನಪ್ಪಾ?” ಮನೆಯಲ್ಲೇ ಉಳಿದಿದ್ದ ದೊಡ್ಡಮ್ಮ ಹೊನ್ನಕ್ಕನ ದನಿ. “ನನ್ ಫೋನ್ನಾಗೆ ಚಾರ್ಜ್ ಇರ್ಲಿಲ್ಲ, ಅವರದ್ರಾಗೆ ಹಚ್ಚಿದೆ. ನೋಡಪ್ಪಾ, ರಾತ್ರಿ ಕನಸ್ನಾಗೆ ಬಂದಿದ್ರು. ಮುಖ ಊದಿಸ್ಕಂಡು, ‘ತಿಮ್ಮ ಸುಳ್ಳು ಹೇಳ್ದ’ ಅಂದ್ರು. ಏನ್ ಸುಳ್ಳು ಹೇಳಿದ್ಯೋ ಮಗನೇ?”

ಹಸಿದ ಐವತ್ತು ಜನ ತಿಮ್ಮೇಶನ ಕಡೆ ತಿರುಗಿದರು.

ಅವನು ಕಾಗೆಯ ಕಡೆ ಕೈ ಮುಗಿದು ಮೊಣಕಾಲೂರಿದ. “ತಪ್ಪಾತು ದೊಡ್ಡಪ್ಪಾ! ಕೀರ್ತನಾ ಫೀಸಿನ ದುಡ್ಡು ಷೇರಿಗೆ ಹಾಕೀನಿ!”

“ಏನಂದ್ರೀ?” ಹೆಂಗಸರ ನಡುವೆ ಮಗಳೊಂದಿಗೆ ನಿಂತಿದ್ದ ಪ್ರೇಮಲತಾಳ ದನಿ ಏರಲಿಲ್ಲ, ಅದೇ ಭಯಂಕರವಾಗಿತ್ತು. “ನನ್ ಚೀಟಿ ದುಡ್ಡಾ? ಬ್ಯಾಂಕ್ನಾಗೆ ಐತೆ ಅಂದಿದ್ರಲ್ಲ?” ಕೀರ್ತನಾ ಹೊಳೆಯ ಕಡೆ ತಿರುಗಿ ನಿಂತಳು. ಮಗಳ ಮುಖ ನೋಡಲು ತಿಮ್ಮೇಶನಿಗೆ ಧೈರ್ಯ ಬರಲಿಲ್ಲ.

ಕಾಗೆ ಇನ್ನೂ ಕೂತಲ್ಲೇ ಕೂತಿತ್ತು.

“ಬರೇ ಒಪ್ಕಂಡ್ರೆ ಸಾಲ್ದು ತಿಮ್ಮೇಶಣ್ಣ,” ಎಂದ ಬಕ್ಕೇಶ್, ಪಂಚೆಯ ಮರಳು ಕೊಡವುತ್ತ. “ದುಡ್ಡು ಹೊರಗೆ ತೆಗೀರಿ. ಅದಕ್ಕೇ ಕುಂತೈತೆ ಅದು.”

“ಈಗ ಮಾರಿದ್ರೆ ಭಾಳ ಲುಕ್ಸಾನ್ ಆಗ್ತೈತೆ ಕಣ್ರೀ...”

“ಅಪ್ಪ ಉಪವಾಸ ಇರ್ಲಾ?” ಪರಶುರಾಮ್ ಗುಡುಗಿದ. ಹಿಂದಿನಿಂದ ಯಾರೋ, “ನಾವೂ ಉಪವಾಸನೇ ಅದೀವಿ,” ಎಂದರು.

ಮೂರು ಗಂಟೆ ಇಪ್ಪತ್ತೆಂಟು ನಿಮಿಷ. ಪೇಟೆ ಮುಚ್ಚಲು ಎರಡೇ ನಿಮಿಷ. ತಿಮ್ಮೇಶ ಕಣ್ಣು ಮುಚ್ಚಿ ಎಲ್ಲವನ್ನೂ ಮಾರಿಬಿಟ್ಟ. ಕೈಗೆ ಬಂದದ್ದು ಒಂದು ಲಕ್ಷ ತೊಂಬತ್ತಾರು ಸಾವಿರ. “ಮಾರಿದೆ ದೊಡ್ಡಪ್ಪಾ! ಇನ್ನಾದ್ರೂ ಉಣ್ಣು!” ಎಂದು ಮರಳಿಗೆ ಹಣೆ ಹಚ್ಚಿದ.

ಎದ್ದಾಗ ಕಾಗೆ ರೆಕ್ಕೆ ಬಿಚ್ಚಿತ್ತು. ಅದರ ಹಿಂದೆಯೇ ಸೇತುವೆಯ ಕಡೆಯಿಂದ ಒಂದು, ಹತ್ತು, ಮೂವತ್ತು ಕಾಗೆಗಳು ಕಪ್ಪು ಮೋಡದಂತೆ ಬಂದು ಎಲೆಯ ಮೇಲೆರಗಿದವು. ಬಜ್ಜಿ ಮೊದಲು ಹೋಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಪ್ರೇಮಲತಾ ಮಾತ್ರ ಒರೆಸಿಕೊಳ್ಳಲಿಲ್ಲ. ಮಗಳ ಕೈ ಹಿಡಿದುಕೊಂಡು ಊಟದ ಪೆಂಡಾಲಿನ ಕಡೆ ಹೊರಟುಹೋದಳು.

ಊಟ ಸೇರದ ತಿಮ್ಮೇಶ ದಂಡೆಯ ಮೇಲಿನ ಟೀ ಅಂಗಡಿಗೆ ಹೋಗಿ ಕೂತ. ಅಂಗಡಿಯ ಆಸಿಮ್ ಲೋಟ ಕೊಡುತ್ತ ನಕ್ಕ.

“ಕಾಗೀಗೆ ಅಷ್ಟೊಂದು ಯಾಕ ಬೇಡ್ಕಂತಿದ್ರಿ ಅಣ್ಣ? ಮೂರೂವರೆ ಆಗೋ ತನಕ ಅವು ಯಾರದ್ದೂ ಮುಟ್ಟಲ್ಲ. ಒಬ್ರು ಯಜಮಾನ್ರು ಅದಾರೆ. ಷೇರುಪೇಟೆ ಮುಚ್ಚಿದ್ ಕೂಡ್ಲೇ ಬಂದು ಮಂಡಕ್ಕಿ ಹಾಕ್ತಾರೆ. ಐದಾರು ವರ್ಷದ ರೂಢಿ. ಹತ್ತು ದಿನದಿಂದ ಅವರು ಈ ಕಡಿ ಬಂದಿರ್ಲಿಲ್ಲ, ಆದ್ರೂ ಇವು ಟೈಮ್ ತಪ್ಸಲ್ಲ ನೋಡ್ರಿ.”

ಎರಡು ನಿಮಿಷ! ಇನ್ನೆರಡು ನಿಮಿಷ ತಡೆದಿದ್ದರೆ ಷೇರು ಉಳಿಯುತ್ತಿತ್ತು; ಅದಕ್ಕೂ ಮುಂಚೆ ಬಾಯಿ ಬಿಡದಿದ್ದರೆ ಗುಟ್ಟೂ ಉಳಿಯುತ್ತಿತ್ತು. ದೆವ್ವವೂ ಇಲ್ಲ, ಕೋಪವೂ ಇಲ್ಲ, ಬರೀ ಹೊಟ್ಟೆಪಾಡಿನ ಕಾಗೆ! ಎಂಬತ್ತನಾಲ್ಕು ಸಾವಿರ ಹೋದ ಸಂಕಟದಲ್ಲೂ ತಿಮ್ಮೇಶನಿಗೆ ಬೆನ್ನಿನ ಚಳಿ ಬಿಟ್ಟಂತಾಗಿ ಒಂದು ಬಗೆಯ ಸಮಾಧಾನವಾಯಿತು. ಟೀ ಮುಗಿಸಿ ಹತ್ತು ರೂಪಾಯಿ ಇಟ್ಟು ಎದ್ದ.

“ಇಪ್ಪತ್ತಾತು ಅಣ್ಣ,” ಎಂದ ಆಸಿಮ್.

“ನಾನು ಕುಡಿದಿದ್ದು ಒಂದೇ ಅಲ್ಲೇನಪ್ಪ?”

“ಆ ಯಜಮಾನ್ರದ್ದೂ ಸೇರಿ. ಇವತ್ತು ಬಂದಿದ್ರಲ್ಲ! ಪಾಪ, ಮಂಡಕ್ಕಿ ತಂದಿರ್ಲಿಲ್ಲ. ನೀವು ಫೋನ್ ಒತ್ತುವಾಗ ನಿಮ್ ಹೆಗಲ ಮ್ಯಾಲಿಂದ ಬಗ್ಗಿ ನೋಡ್ತಿದ್ರು. ಆಮ್ಯಾಲೆ ಇಲ್ಲಿ ಬಂದು, ‘ಎಷ್ಟು ಲುಕ್ಸಾನ್ ಮಾಡ್ಕಂಡ’ ಅಂತ ಹಣೆ ಚಚ್ಕಂಡು ಒಂದು ಟೀ ಕುಡುದ್ರು. ದುಡ್ಡು ಕೇಳಿದ್ರೆ, ‘ನನ್ ತಮ್ಮನ ಮಗ ಈಗಷ್ಟೇ ಷೇರು ಮಾರ್ಯಾನೆ, ಅವನ ಹತ್ರ ಇಸ್ಕ’ ಅಂತ ಹೇಳಿ ಹೊಳೀಗೆ ಇಳ್ಕಂಡು ಹೋದ್ರು.”