ಏಳುನೂರು ವಾಟಿನ ಬಲ್ಬು

ಪಾಠ ಹೇಳುವವನಿಗೆ ಒಂದು ಅಪಾಯವಿದೆ. ಒಂದೇ ಮಾತನ್ನು ವರ್ಷ ವರ್ಷವೂ ಹೇಳುತ್ತ ಹೋದರೆ, ಅದು ತನಗೆ ಗೊತ್ತಿದೆ ಎಂದು ಅವನಿಗೇ ಅನ್ನಿಸತೊಡಗುತ್ತದೆ. ನಾನು ಪೆರಾಬೆ ಕಡೆಯ ಶಾಲೆಯೊಂದರಲ್ಲಿ ಏಳು ವರ್ಷ ವಿದ್ಯುತ್ತಿನ ಪಾಠ ಮಾಡಿದೆ. ಆ ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಎಂದು ಹಲಗೆಯ ಮೇಲೆ ಬರೆದು, ಸಂಜೆ ಮನೆಗೆ ಬಂದು ಲಾಟೀನಿನ ಗಾಜು ಒರೆಸುತ್ತಿದ್ದೆ. ಅದರಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ. ಸ್ವರ್ಗದ ವಿಚಾರ ಹೇಳುವವರೆಲ್ಲ ಅಲ್ಲಿಗೆ ಹೋಗಿ ಬಂದವರೇ ಆಗಿರಬೇಕೆಂದೇನಿಲ್ಲವಲ್ಲ.

ಅರವತ್ತರ ದಶಕದ ಆರಂಭದಲ್ಲಿ ಪುತ್ತೂರಿಗೆ ವರ್ಗವಾಯಿತು. ಬಾಡಿಗೆ ಮನೆಯಲ್ಲಿ ಕರೆಂಟು ಇತ್ತು. ಬಲ್ಬು ತಂದದ್ದು ಮೋಣಪ್ಪ ಗೌಡರ ಅಂಗಡಿಯಿಂದ. ಅವರು ಮಂಡೆಕೋಲು ಎಂಬ ಹಳ್ಳಿಯ ಬೇಸಾಯದ ಮನೆಯವರು. ಪೇಟೆಗೆ ಬಂದು ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದರು. ಮಾತು ಕಡಿಮೆ. ಅವರ ಅಂಗಡಿಯ ಬೆಂಚಿನಲ್ಲಿ ಕೂತು ನಾನು ಮಾತಾಡುವುದು, ಅವರು ಕೇಳುವುದು, ಹೀಗೆ ನಮ್ಮ ಸ್ನೇಹ ಬೆಳೆದಿತ್ತು.

ಒಂದು ದಿನ ತರಗತಿಗೆ ಮನೆಯ ಬಲ್ಬನ್ನೇ ಒಯ್ದೆ. ಅದರ ಮೇಲೆ ಅರವತ್ತು ವಾಟು ಎಂದು ಬರೆದಿತ್ತು. ಟಾರ್ಚಿನ ಎರಡು ಸೆಲ್ಲು ಜೋಡಿಸಿ ಮೂರು ವೋಲ್ಟು ಕೊಟ್ಟೆ. ಬಲ್ಬು ಉರಿಯಲಿಲ್ಲ, ಆದರೆ ಮಾಪಕದ ಮುಳ್ಳು ಅಲುಗಿ, ಆಂಪಿಯರಿನ ನೂರರಲ್ಲಿ ನಾಲ್ಕು ಭಾಗ ತೋರಿಸಿತು. ಮೂರನ್ನು ಅದರಿಂದ ಭಾಗಿಸಿದೆ: ರೋಧ ಎಪ್ಪತ್ತೈದು ಓಮು. ಮನೆಯ ಇನ್ನೂರ ಮೂವತ್ತು ವೋಲ್ಟಿಗೆ ಲೆಕ್ಕ ಹಾಕಿದರೆ ಮೂರು ಆಂಪಿಯರಿಗೂ ಮಿಕ್ಕಿ ಕರೆಂಟು ಹರಿಯಬೇಕು. ಗುಣಿಸಿದಾಗ ಬಂದದ್ದು ಸುಮಾರು ಏಳುನೂರು ವಾಟು. ಎರಡು ಸಲ ತಾಳೆ ನೋಡಿದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ಸಂಜೆ ನೇರ ಅಂಗಡಿಗೆ ಹೋದೆ. ನಾಲ್ಕೈದು ಗಿರಾಕಿಗಳಿದ್ದರು. ಆಗ ನಾನು ತಗ್ಗಿದ ದನಿಯಲ್ಲಿ ಮಾತಾಡಬಹುದಿತ್ತು. ತರಗತಿಯ ದನಿಯಲ್ಲೇ ಹೇಳಿದೆ:

"ಗೌಡ್ರೇ, ನಿಮ್ಮ ಬಲ್ಬಿನ ಮೇಲೆ ಬರೆದದ್ದು ಸುಳ್ಳು. ಅರವತ್ತು ಅಲ್ಲ ಇದು, ಏಳ್ನೂರು ವಾಟು. ನಾನೇ ಅಳೆದು ನೋಡಿದ್ದೇನೆ."

ಕಡಬ ಕಡೆಯ ಒಬ್ಬರು ಹೊಸ ಮನೆಗೆಂದು ಆರಿಸಿ ಹಿಡಿದಿದ್ದ ಎರಡು ಬಲ್ಬುಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದರು. ಉಳಿದವರೂ ಹಿಂಬಾಲಿಸಿದರು. ಮೋಣಪ್ಪ ಗೌಡರು ನನ್ನ ಮುಖ ನೋಡಿದರು. "ನನಗೆ ಲೆಕ್ಕ ಗೊತ್ತಿಲ್ಲ ಮಾಸ್ಟ್ರೇ. ನೀವು ಹೇಳುದಾದ್ರೆ ಸರಿಯೇ ಇರ್ಬೇಕು," ಎಂದು, ಕಪಾಟಿನ ಬಲ್ಬುಗಳನ್ನೆಲ್ಲ ಒಂದೊಂದಾಗಿ ಇಳಿಸಿ ಬೈಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಡತೊಡಗಿದರು. ಅವರು ಜಗಳವಾಡಿದ್ದರೆ ನನಗೆ ಅನುಕೂಲವಿತ್ತು.

ಮನೆಯಲ್ಲಿ ಹೆಂಡತಿ ಸರಸ್ವತಿಗೆ ನನ್ನ ಸಂಶೋಧನೆಯನ್ನು ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು.

"ಮಂಗಳೂರಿನಲ್ಲಿ ಅಣ್ಣನ ಮನೆಯ ಕರೆಂಟು ಒಲೆ ಎಷ್ಟು ವಾಟಿನದ್ದು?"

"ಏಳ್ನೂರ ಐವತ್ತು."

"ಅದರಲ್ಲಿ ಅತ್ತಿಗೆ ಅನ್ನ ಮಾಡ್ತಾಳೆ. ನಿಮ್ಮ ಬಲ್ಬಿನಲ್ಲಿ ಎಂತ ಮಾಡ್ಲಿಕ್ಕೆ ಆಗ್ತದೆ?"

ನಾನು ಪಠ್ಯಪುಸ್ತಕ ತೆಗೆದೆ. ಓಮನ ನಿಯಮದ ಮೊದಲ ಸಾಲಿನಲ್ಲೇ 'ಉಷ್ಣತೆ ಬದಲಾಗದಿದ್ದರೆ' ಎಂದಿತ್ತು. ಇಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಮಾತು, ಮದುವೆಮನೆಯ ಮಂತ್ರದ ಹಾಗೆ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು. ನಾನು ಅಳೆದದ್ದು ತಣ್ಣಗಿದ್ದ ತಂತಿಯನ್ನು. ಉರಿಯುವಾಗ ಅದು ಬೆಳ್ಳಗೆ ಕಾಯುತ್ತದೆ. ಕಾದಷ್ಟೂ ಅದರ ರೋಧ ಏರುತ್ತದೆ.

ಶಾಲೆಯ ಮಾಪಕ ಮನೆಯ ಕರೆಂಟಿಗೆ ಆಗುವಂಥದಲ್ಲ. ಮರುದಿನ ವಯರ್‌ಮನ್ ಐತಪ್ಪನನ್ನು ಅವನ ಮಾಪಕದ ಸಮೇತ ಕರೆತಂದು, ಉರಿಯುವ ಬಲ್ಬನ್ನೇ ಅಳೆಸಿದೆ. ಕಾಲು ಆಂಪಿಯರಿಗಿಂತ ಒಂದು ಚೂರು ಹೆಚ್ಚು. ಭಾಗಿಸಿದರೆ ಎಂಟುನೂರ ಎಂಬತ್ತು ಓಮಿನ ಆಸುಪಾಸು, ಗುಣಿಸಿದರೆ ಅರವತ್ತು ವಾಟು. ಬಲ್ಬಿನ ಮೇಲೆ ಬರೆದದ್ದೇ.

"ಇದು ಅದರಲ್ಲಿಯೇ ಬರೆದು ಉಂಟಲ್ಲ ಮಾಸ್ಟ್ರೇ," ಎಂದ ಐತಪ್ಪ, ನನ್ನ ಕಣ್ಣು ಸರಿ ಕಾಣುವುದಿಲ್ಲವೇನೋ ಎಂಬ ಕನಿಕರದಿಂದ.

ಅಂಗಡಿಯವರೆಗಿನ ದಾರಿ ಅಂದು ಬಹಳ ಉದ್ದವಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಹೋಗೋಣವೆಂಬ ಆಸೆಯೂ ಬಂತು. ಆದರೆ ತಪ್ಪು ಹೊರಿಸಿದ್ದು ನಾಲ್ಕು ಜನರೆದುರು. ಹಾಗಾಗಿ ಜನ ಸೇರುವವರೆಗೆ ಎದುರಿನ ಹೋಟೆಲಿನಲ್ಲಿ ಕೂತು ಕಾದು, ಒಳಗೆ ಹೋಗಿ, ಅದೇ ತರಗತಿಯ ದನಿಯಲ್ಲಿ ಹೇಳಿದೆ: "ಬಲ್ಬು ಸರಿ ಉಂಟು. ತಪ್ಪಿದ್ದು ನಾನು. ಗೌಡ್ರೇ, ನಿಮ್ಮ ಮೇಲೆ ಸುಳ್ಳು ಹೊರಿಸಿದೆ. ಕ್ಷಮಿಸಬೇಕು."

ಮೋಣಪ್ಪ ಗೌಡರು ಮೂಲೆಯಲ್ಲಿದ್ದ ಪೆಟ್ಟಿಗೆಯ ಕಡೆ ನಡೆದರು. ಆಮೇಲೆ ಹೇಳಿದರು: "ವಾಪಸು ಕಳಿಸ್ಲಿಕ್ಕೆ ಪೆಟ್ಟಿಗೆ ಬೆಳಗ್ಗಿನ ಬಸ್ಸಿಗೆ ಹಾಕ್ಲಿಕ್ಕಿತ್ತು. ಕೈ ಬರ್ಲಿಲ್ಲ. ಬನ್ನಿ, ಒಂದು ಬದಿ ಹಿಡೀರಿ."

ಇಬ್ಬರೂ ಸೇರಿ ಪೆಟ್ಟಿಗೆ ಬಿಚ್ಚಿ ಬಲ್ಬುಗಳನ್ನು ಮತ್ತೆ ಕಪಾಟಿಗೆ ಏರಿಸಿದೆವು. ಆದರೆ ಸುಳ್ಳು ಆಗಲೇ ಕಡಬ ಮುಟ್ಟಿತ್ತು. ಮುಂದಿನ ರಜೆಯಲ್ಲಿ ಐತಪ್ಪನ ಮಾಪಕವನ್ನು ಬೇಡಿ ತಂದು, ಎರಡು ಬಲ್ಬು ಬಿಟ್ಟುಹೋದವರ ಹೊಸ ಮನೆಗೇ ಹೋಗಿ ಅಳೆದು ತೋರಿಸಿದೆ. ಅವರು ಕಾಫಿ ಕೊಟ್ಟರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ವರ್ಷ ಕಳೆದ ಮೇಲೆ ಒಮ್ಮೆ ಅದೇ ಬೆಂಚಿನಲ್ಲಿ ಕೂತಿದ್ದೆ. ಗಿರಾಕಿಯೊಬ್ಬರು ಇಸ್ತ್ರಿಪೆಟ್ಟಿಗೆಯ ವಾಟು ನಿಜವೋ ಎಂದು ಅನುಮಾನಪಟ್ಟರು. ಮೋಣಪ್ಪ ಗೌಡರು ನನ್ನತ್ತ ಕೈ ತೋರಿಸಿ ಹೇಳಿದರು: "ಅವರ ಹತ್ರ ಕೇಳಿ. ಒಮ್ಮೆ ತಪ್ಪು ಹೇಳಿ ಆಗಿದೆ ಅವರದ್ದು. ಇನ್ನು ನೋಡದೆ ಹೇಳುದಿಲ್ಲ."

ನನ್ನ ವೃತ್ತಿಜೀವನದಲ್ಲಿ ದೊರೆತ ಪ್ರಶಸ್ತಿಪತ್ರ ಅದೊಂದೇ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥದಲ್ಲ.