ಒಂಬತ್ತನೇ ನಂಬರಿನ ಮಾಲೀಕರು

ಕತ್ತರಿಯಣ್ಣನಿಗೆ ಯಾರಿಗೂ ‘ಆಗಲ್ಲ’ ಎಂದು ಹೇಳಿ ಅಭ್ಯಾಸವಿರಲಿಲ್ಲ. ಅವನ ಕ್ಷೌರದ ಅಂಗಡಿಯಲ್ಲಿ ಇದ್ದದ್ದು ಒಂದೇ ತಿರುಗುವ ಕುರ್ಚಿ, ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಬೆಂಚಿನಲ್ಲಿ ಗಂಟೆಗಟ್ಟಲೆ ಕೂತವರನ್ನು ಬಿಟ್ಟು, ‘ಬರೀ ಮೀಸೆ ಅಣ್ಣಾ, ಎರಡೇ ನಿಮಿಷ’ ಎಂದು ನುಗ್ಗಿದವರನ್ನೆಲ್ಲ ಅವನು ಕುರ್ಚಿಗೇರಿಸುತ್ತಿದ್ದ. ಬೆಂಚಿನವರು ಗೊಣಗುತ್ತಿದ್ದರು, ಅವನು ಹಲ್ಲು ಗಿಂಜುತ್ತಿದ್ದ. ಐದು ವರ್ಷ ಹೀಗೇ ನಡೆದಿತ್ತು.

ಈ ಭಾನುವಾರ ಹದಿನಾಲ್ಕು ವರ್ಷದ ಮಗಳು ಅಂಗಡಿಗೆ ಬಂದಳು. ಅರ್ಧ ಗಂಟೆ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದಳು. ಆಮೇಲೆ ಒಂದು ರಟ್ಟಿನ ಡಬ್ಬ ಹರಿದು, ಚೌಕ ಚೌಕವಾಗಿ ಕತ್ತರಿಸಿ, ಒಂದರಿಂದ ಇಪ್ಪತ್ತರವರೆಗೆ ಬರೆದು ಬಾಗಿಲಲ್ಲಿ ನಿಂತಳು.

“ಇದೇನೇ ಪುಟ್ಟಾ?”

“ನಂಬರ್ ಅಪ್ಪಾ. ಮೊದಲು ಬಂದೋರಿಗೆ ಮೊದಲು. ಯಾರೇ ಆಗ್ಲಿ.”

‘ಯಾರೇ ಆಗ್ಲಿ’ ಅಂದದ್ದೇ ಕತ್ತರಿಯಣ್ಣ ಗಡಿಯಾರದ ಕಡೆ ನೋಡಿದ. ಅಂಗಡಿಯ ಕರಾರು ಇವತ್ತಿಗೆ ಮುಗಿಯುತ್ತಿತ್ತು. ಕಟ್ಟಡದ ಮಾಲೀಕರು ಹತ್ತು ಗಂಟೆಗೆ ಬಂದು, ಗಡ್ಡ ತೆಗೆಸಿಕೊಂಡು, ಇನ್ನೈದು ವರ್ಷಕ್ಕೆ ಸಹಿ ಹಾಕುತ್ತೇನೆಂದಿದ್ದರು. ಆ ಬೆಂಚಿಗೆ ಬೆನ್ನು ತಾಗಿಸಿದ ಮನುಷ್ಯರೇ ಅಲ್ಲ ಅವರು.

ಹತ್ತಕ್ಕೆ ಸರಿಯಾಗಿ ಮಾಲೀಕರು ಕಂಕುಳಲ್ಲಿ ಕಾಗದ ಹಿಡಿದು ಬಂದರು, ನೇರ ಕುರ್ಚಿಯ ಕಡೆ ನಡೆದರು. ಮಗಳು ಅಡ್ಡ ನಿಂತಳು.

“ತಾತಾ, ನಿಮ್ಮದು ಒಂಬತ್ತು. ಈಗ ನಾಲ್ಕು ನಡೀತಿದೆ.”

“ಈ ಕಟ್ಟಡ ಯಾರದ್ದು ಗೊತ್ತೇನಮ್ಮಾ?”

“ಕಟ್ಟಡ ನಿಮ್ಮದೇ ತಾತಾ. ಸರದಿ ಮಾತ್ರ ಅವರದ್ದು.”

ಕತ್ತರಿಯಣ್ಣ ನಾಲ್ಕನೇ ನಂಬರಿನವನ ಕಿವಿಯ ಪಕ್ಕ ಕತ್ತರಿ ಹಿಡಿದುಕೊಂಡೇ ಕಣ್ಣಲ್ಲಿ ಮಗಳನ್ನು ಬೇಡಿಕೊಂಡ, ಕೈಸನ್ನೆ ಮಾಡಿದ. ಆ ಸನ್ನೆಯಲ್ಲಿ ನಾಲ್ಕನೆಯವನ ಒಂದು ಕಡೆಯ ಕೆನ್ನೆಗೂದಲು ಹಾರಿಹೋಯಿತು. ಮಾಲೀಕರು ಕೆಂಪು ಮುಖ ಮಾಡಿಕೊಂಡು ಬೆಂಚಿನ ತುದಿಯಲ್ಲಿ ಕೂತರು.

ಆರನೇ ನಂಬರಿನ ನಿವೃತ್ತ ಮೇಷ್ಟ್ರು ಪೇಪರ್ ಮಡಚಿದರು. ಯಾರೂ ಕೇಳದಿದ್ದರೂ ವಿವರಿಸುವುದು ಅವರ ಸ್ವಭಾವ.

“ಹುಡುಗೀನ ಬೈಬೇಡಿ. ತೀರ ಚಿಕ್ಕ ಮಕ್ಕಳಿಗೆ ತಮಗೆ ಕಮ್ಮಿ ಬಂದ್ರೆ ಮಾತ್ರ ಅನ್ಯಾಯ. ಸ್ವಲ್ಪ ಬೆಳೆದ್ರೆ ಎಲ್ಲರಿಗೂ ಸ್ಕೇಲ್ ಇಟ್ಟು ಅಳೆದ ಹಾಗೆ ಸಮ ಇರಬೇಕು. ಇನ್ನೂ ಬೆಳೆದ್ರೆ ಯಾರಿಗೆ ಎಷ್ಟು ಅಗತ್ಯ, ಯಾರ ಮನಸ್ಸಲ್ಲಿ ಏನಿತ್ತು ಅಂತ ಯೋಚನೆ ಮಾಡ್ತಾರೆ. ಈ ವಯಸ್ಸಲ್ಲಿ ಹಣೆ ಹಿಂದಿನ ಮಿದುಳು ಬೆಳೆಯೋ ಕೆಲಸ ಇನ್ನೂ ನಡೀತಾ ಇರುತ್ತೆ.”

“ಯಾವಾಗ ಮುಗಿಯುತ್ತೆ ಮೇಷ್ಟ್ರೇ?” ಎಂದ ಕತ್ತರಿಯಣ್ಣ.

“ಅವಳಿಗೆ ಇಪ್ಪತ್ತೈದು ತುಂಬಬೇಕು.”

“ನನ್ನ ಕರಾರು ಇವತ್ತೇ ಮುಗಿಯುತ್ತಲ್ಲ ಸ್ವಾಮೀ!”

ಅಷ್ಟರಲ್ಲಿ ಒಬ್ಬ ಯುವಕ ಏದುಸಿರು ಬಿಡುತ್ತ ಬಂದ. ಅರ್ಧ ಗಡ್ಡ ತೆಗೆಯುವಾಗ ಅವನ ಮಿಷನ್ ಕೆಟ್ಟಿತ್ತು. ಇನ್ನು ಅರ್ಧ ಗಂಟೆಯಲ್ಲಿ ಕೆಲಸದ ಸಂದರ್ಶನ. ಮಗಳು ಹದಿನಾಲ್ಕನೇ ನಂಬರ್ ಚಾಚಿದಳು. ಆಮೇಲೆ ಅವನ ಮುಖ ನೋಡಿದಳು, ಉಗುರು ಕಚ್ಚಿದಳು, ಚೀಟಿ ಹಿಂದಕ್ಕೆಳೆದುಕೊಂಡಳು.

“ಎಲ್ಲರೂ ಒಪ್ಪಿದ್ರೆ ಇವರು ಮೊದಲು ಕೂರ್ಲಿ. ನಮಗೆಲ್ಲ ನಾಳೆ ಇದೆ, ಇವರಿಗಿಲ್ಲ.”

“ನೋಡಿದ್ರಾ!” ಮೇಷ್ಟ್ರು ತೊಡೆ ತಟ್ಟಿದರು. “ಒಂದೇ ಗಂಟೇಲಿ ಎರಡು ವರ್ಷ ಬೆಳೆದಳು!”

ಅಲ್ಲಿಗೆ ಬೆಂಚಿನಲ್ಲಿ ಎಲ್ಲರಿಗೂ ಒಂದೊಂದು ಅಗತ್ಯ ಹುಟ್ಟಿಕೊಂಡಿತು. ಒಬ್ಬನಿಗೆ ಅತ್ತೆ ಬರುವವರಿದ್ದರು. ಇನ್ನೊಬ್ಬನಿಗೆ ತಲೆ ತುರಿಕೆ, ಅದನ್ನು ಕೇಳಿ ಪಕ್ಕದವನಿಗೂ ತುರಿಕೆ. ಮಗಳು ಒಬ್ಬೊಬ್ಬರನ್ನೇ ವಿಚಾರಿಸಿ ತೀರ್ಪು ಕೊಟ್ಟಳು. ಅದೇ ಕಟ್ಟಡದ ಮೆಟ್ಟಿಲ ಕೆಳಗೆ ಗಡಿಯಾರ ರಿಪೇರಿ ಮಾಡುವವನು ಮಾತ್ರ ಹತ್ತನೇ ನಂಬರ್ ಹಿಡಿದು, “ನನಗೇನಿಲ್ಲಮ್ಮಾ, ಕಾಯ್ದು ರೂಢಿ” ಎಂದ.

ಸಮಯ ನೋಡಿ ಕತ್ತರಿಯಣ್ಣ ಪಿಸುಗುಟ್ಟಿದ, “ಪುಟ್ಟಾ, ಮಾಲೀಕರಿಗೂ ತುಂಬಾ ಅಗತ್ಯ ಇದೆಯಂತೆ ಅನ್ನೇ!”

“ಇಲ್ಲಪ್ಪಾ, ನನಗೇನೂ ಅಗತ್ಯ ಇಲ್ಲ. ಕಾಯ್ತೀನಿ,” ಎಂದರು ಮಾಲೀಕರು. ಆಗಲೇ ಅವರು ಬೆಂಚಿನ ತುದಿಯಿಂದ ಮಧ್ಯಕ್ಕೆ ಸರಿದು, ತುರಿಕೆಯ ವ್ಯಾಜ್ಯದಲ್ಲಿ ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು. ಕತ್ತರಿಯಣ್ಣನಿಗೆ ಇದು ಯಾಕೋ ಸರಿಕಾಣಲಿಲ್ಲ.

ಒಂಬತ್ತನೇ ನಂಬರ್ ಬಂತು. ತನ್ನ ಜನ್ಮದಲ್ಲೇ ಅಷ್ಟು ನಯವಾಗಿ ಅವನು ಯಾರ ಗಡ್ಡವನ್ನೂ ತೆಗೆದಿರಲಿಲ್ಲ. ಮಾಲೀಕರು ಮುಖ ಒರೆಸಿಕೊಂಡು, ಕುರ್ಚಿಯಿಂದಿಳಿದು, ಅವನ ಕತ್ತಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತು ಗಂಟಲು ಸರಿಮಾಡಿಕೊಂಡರು.

“ಐದು ವರ್ಷದ ಹಿಂದೆ ಈ ಅಂಗಡೀನ ಮೊದಲು ಕೇಳಿದ್ದು ನೀನಲ್ಲಪ್ಪಾ, ಈ ಗಡಿಯಾರದವನು. ನಿನಗಿಂತ ಒಂದು ವಾರ ಮುಂಚೆ. ಮೆಟ್ಟಿಲ ಕೆಳಗೆ ಬೆಳಕಿಲ್ಲ, ಕಣ್ಣು ಹೋಗ್ತಿದೆ ಅಂದಿದ್ದ. ನೀನು ನಮ್ಮನೆಗೆ ಬಂದು ಗಡ್ಡ ತೆಗೀತಾ ಕೇಳ್ದೆ. ಕತ್ತಿ ಗಂಟಲ ಮೇಲಿತ್ತು, ಆಗಲಿ ಅಂದುಬಿಟ್ಟೆ. ಸರದಿಯೂ ಅವನದ್ದು, ಅಗತ್ಯವೂ ಅವನದ್ದು. ಏನಮ್ಮಾ, ಅಂಗಡಿ ಅವನಿಗೆ ಕೊಟ್ರೆ ಸರೀನಾ?”

ಕತ್ತರಿಯಣ್ಣ ಮಗಳ ಕಡೆ ತಿರುಗಿದ. ಅವಳು ಅಪ್ಪನನ್ನು ನೋಡಿದಳು, ಗಡಿಯಾರದವನನ್ನು ನೋಡಿದಳು.

“ಅವರೇ ಮೊದಲು ಅಪ್ಪಾ,” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಕತ್ತರಿಯಣ್ಣನಿಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ಹೆಮ್ಮೆ ಬಂತು, ಅದು ಅವನಿಗೇ ಆಶ್ಚರ್ಯ. ತನಗೆ ನಲವತ್ತೈದಾದರೂ ಬಾರದ ಧೈರ್ಯ ಈ ಹುಡುಗಿಗೆ ಎಲ್ಲಿಂದ ಬಂತು ಎಂದು ಅವಳ ತಲೆ ನೇವರಿಸಿದ.

ಗಡಿಯಾರದವನು ಗಾಬರಿಯಿಂದ ಎದ್ದ. “ಅಳಬೇಡಮ್ಮಾ! ಇಡೀ ಅಂಗಡಿ ನನಗ್ಯಾಕೆ? ಕಿಟಕಿ ಪಕ್ಕದ ಅರ್ಧ ಸಾಕು. ಇನ್ನರ್ಧ ಅಣ್ಣನಿಗಿರ್ಲಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೀಕರು ಇಬ್ಬರ ಹೆಸರಿಗೂ ಕರಾರು ಬರೆದು ಸಹಿ ಹಾಕಿದರು. ಬೆಂಚನ್ನು ಎಲ್ಲರೂ ಹೊರಗೆ ಬೀದಿಗೆ ಹೊತ್ತು ಹಾಕಿದರು, ಅದರ ಜಾಗಕ್ಕೆ ಗಡಿಯಾರದವನ ಮೇಜು ಬಂತು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಒಂದು ಗಡಿಯಾರ ಬಿಚ್ಚಿದ್ದೇ ತಡ, ಒಂದು ಕೂದಲು ತೇಲಿ ಬಂದು ಅದರೊಳಗೆ ಬಿತ್ತು.

“ಅಣ್ಣಾ,” ಎಂದ ಅವನು ಸಂಕೋಚದಿಂದ, “ಫ್ಯಾನ್ ತಿರುಗಿದ್ರೆ ಕಷ್ಟ.”

“ಈ ಸೆಖೆಯಲ್ಲಿ ಫ್ಯಾನ್ ನಿಲ್ಲಿಸೋದಾ?” ಕತ್ತರಿಯಣ್ಣ ನಂಬಿಕೆಯಿಂದ ಮಗಳ ಕಡೆ ನೋಡಿದ. “ನೀನೇ ಹೇಳೇ!”

“ಬೆವರು ಬಂದ್ರೆ ಒರೆಸ್ಕೋಬಹುದು ಅಪ್ಪಾ. ಗಡಿಯಾರಕ್ಕೆ ಕೂದಲು ಹೋದ್ರೆ ಅವರ ಕೆಲಸಾನೇ ನಿಲ್ಲುತ್ತಲ್ವಾ?” ಮಗಳು ತಾನೇ ಹೋಗಿ ಫ್ಯಾನ್ ಆರಿಸಿದಳು.

ಅಪ್ಪನ ಹಣೆಯ ಮೇಲೆ ಬೆವರು ಇಳಿಯುವುದನ್ನು ಅವಳು ನೋಡಿದಳು. ಮೇಷ್ಟ್ರ ಪೇಪರ್ ಇಸಿದುಕೊಂಡು ಪಕ್ಕದಲ್ಲಿ ನಿಂತು ಮೆಲ್ಲಗೆ ಗಾಳಿ ಬೀಸಿದಳು. ಕೂದಲು ಹಾರದಷ್ಟೇ ಗಾಳಿ. ಕತ್ತರಿಯಣ್ಣನ ಕಣ್ಣು ತುಂಬಿತು. ಅಂಗಡಿ ಅರ್ಧವಾದರೇನು, ಮಗಳು ಪೂರ್ತಿ ತನ್ನವಳು ಎಂದುಕೊಂಡು ಕಣ್ಣು ಮುಚ್ಚಿ ಆ ಗಾಳಿಗೆ ಮುಖವೊಡ್ಡಿದ.

ಗಾಳಿ ತಟ್ಟನೆ ನಿಂತಿತು.

“ನಿಮಗೆ ಒಂದು ನಿಮಿಷ ಆಯ್ತು ಅಪ್ಪಾ,” ಎಂದಳು ಮಗಳು, ಕುರ್ಚಿಯಲ್ಲಿ ಕೂತವನ ಕಡೆಗೆ ಪೇಪರ್ ತಿರುಗಿಸುತ್ತ. “ಈಗ ಇವರಿಗೆ. ಆಮೇಲೆ ಗಡಿಯಾರದ ಮಾಮನಿಗೆ. ಆಮೇಲೆ ಹೊರಗಡೆ ಬೆಂಚಲ್ಲಿ ಏಳು ಜನ ಇದ್ದಾರೆ.”