ಇನ್ನೊಬ್ಬರು ಬರ್ತಾರೆ

ಎಲ್ಲ ಗೊಂದಲಕ್ಕೂ ಕಾರಣ ಗೋಡೆಯ ಮೇಲಿನ ಒಂದು ಹಾಳೆ. ಚೊಂಗ್ಜು ಊರಿನ ನಮ್ಮ ಬೀದಿಯಲ್ಲಿ ‘ಹಳೇ ಬಾವಿ’ ಎಂಬ ಸುಟ್ಟ ಮಾಂಸದ ಹೋಟೆಲಿದೆ. ಒಳಗೆ ಆರೇ ಮೇಜು, ಒಂದೊಂದು ಮೇಜಿನ ನಡುವೆಯೂ ಒಂದೊಂದು ಕೆಂಡದ ಕುಳಿ. ಗಲ್ಲಾದ ಮೇಲ್ಗಡೆ ಹೊಗೆ ಕುಡಿದು ಹಳದಿಯಾದ ಆ ಹಾಳೆಯಲ್ಲಿ ಹೀಗೆ ಬರೆದಿದೆ: ‘ಒಬ್ಬರಿಗೆ ಬಡಿಸುವುದಿಲ್ಲ. ಕನಿಷ್ಠ ಇಬ್ಬರು, ಎರಡು ಪಾಲು.’

ಇದರಲ್ಲಿ ತಪ್ಪು ಹುಡುಕುವವರು ನಮ್ಮಲ್ಲಿ ಯಾರೂ ಇಲ್ಲ. ಒಬ್ಬನಿಗಾಗಿ ಕೆಂಡ ಹೊತ್ತಿಸಿದರೆ ಯಾರಿಗೆ ಗಿಟ್ಟುತ್ತದೆ? ಅದೂ ಅಲ್ಲದೆ ಕೆಂಡದ ಮುಂದೆ ಒಬ್ಬನೇ ಕೂತು ಸುಟ್ಟುಕೊಂಡು ತಿನ್ನುವ ಗಂಡಸನ್ನು ಕಂಡರೆ, ಮನೆಯಿಂದ ಆಚೆ ಹಾಕಿದ್ದಾರೆ ಎಂದೇ ನಾವು ತಿಳಿಯುವುದು.

ಪ್ಯೋ ದೊಕ್ಸುವನ್ನು ಮನೆಯಿಂದ ಆಚೆ ಹಾಕುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ಯೊನ್ಸಿಮ್ ತೀರಿಕೊಂಡು, ಈ ಗೊಂದಲ ನಡೆದ ಬುಧವಾರಕ್ಕೆ ಸರಿಯಾಗಿ ಒಂದು ವರ್ಷ. ರಜೆಯ ಅನುಕೂಲ ನೋಡಿ ಮಕ್ಕಳು ವರ್ಷಾಂತಿಕವನ್ನು ಭಾನುವಾರಕ್ಕೆ ಹಾಕಿಕೊಂಡಿದ್ದರು. ದೊಕ್ಸು ಬೇಡವೆನ್ನಲಿಲ್ಲ. ಮೂವತ್ತೊಂದು ವರ್ಷ ಇಪ್ಪತ್ಮೂರನೇ ನಂಬರಿನ ಸಿಟಿ ಬಸ್ಸು ಓಡಿಸಿ ಈ ವಸಂತದಲ್ಲಿ ನಿವೃತ್ತನಾದ ಮನುಷ್ಯ ಅವನು. ಇನ್ನೊಬ್ಬರು ಹಾಕಿಕೊಟ್ಟ ವೇಳಾಪಟ್ಟಿ ಒಪ್ಪಿಕೊಂಡೇ ಅಭ್ಯಾಸ. ಆದರೆ ಬುಧವಾರಕ್ಕೆ ಅವನದೇ ಒಂದು ಯೋಚನೆಯಿತ್ತು.

ಗಂಡ ಹೆಂಡತಿ ಇಬ್ಬರೂ ಪ್ರತಿ ಶನಿವಾರ ಹಳೇ ಬಾವಿಗೆ ಬರುತ್ತಿದ್ದರು. ಇಕ್ಕಳ ಯಾವತ್ತೂ ಯೊನ್ಸಿಮ್ ಕೈಯಲ್ಲಿ. ಹಂದಿಮಾಂಸ ಸುಡುವುದು, ಕತ್ತರಿಯಲ್ಲಿ ತುಂಡು ಮಾಡುವುದು, ಬೆಳ್ಳುಳ್ಳಿಯ ಜೊತೆ ಸೊಪ್ಪಿನೆಲೆಯಲ್ಲಿ ಸುತ್ತಿ ಗಂಡನ ಬಾಯಿಗಿಡುವುದು, ಎಲ್ಲ ಅವಳದೇ. ಅವಳು ತಿನ್ನುತ್ತಿದ್ದದ್ದು ಬರೀ ಎಲೆ, ಬೆಳ್ಳುಳ್ಳಿ. “ನನಗೆ ಮಾಂಸ ಅಷ್ಟಾಗಿ ಸೇರಲ್ಲ ಕಣ್ರೀ” ಎನ್ನುತ್ತಿದ್ದಳು. ಬುಧವಾರ ರಾತ್ರಿಯಂತೂ ಊಟವನ್ನೇ ಮುಟ್ಟುತ್ತಿರಲಿಲ್ಲ. ಗಂಡನ ಬಸ್ಸಿಗೆ ಅಪಾಯವಾಗದಿರಲೆಂದು ಉಪವಾಸ ಹಿಡಿದಿದ್ದಾಳೆಂದು ದೊಕ್ಸು ತಾನೇ ಊಹಿಸಿಕೊಂಡು ಡಿಪೋ ತುಂಬ ಹೇಳಿಕೊಂಡು ತಿರುಗಿದ್ದ. ಮೂವತ್ತೊಂದು ವರ್ಷದಲ್ಲಿ ಒಂದೂ ಅಪಘಾತವಿಲ್ಲ. ಇನ್ನೇನು ಪುರಾವೆ ಬೇಕು?

ಈಗ ಅವನಿಗೆ ಬೇಕಾಗಿದ್ದು ಇಷ್ಟೇ. ಒಂದು ಸಲ, ತನ್ನ ಕೈಯಾರೆ ಹದವಾಗಿ ಸುಟ್ಟ ಒಂದು ಚೂರನ್ನು ಅವಳ ಬಟ್ಟಲಿಗೆ ಹಾಕಬೇಕು. ಬೀದಿಯವರ ಕಣ್ಣಿಗೆ ಬೀಳಬಾರದೆಂದು, ಹೋಟೆಲು ಖಾಲಿಯಿರುವ ಮಧ್ಯಾಹ್ನ ಮೂರು ಗಂಟೆಯನ್ನೇ ಆರಿಸಿಕೊಂಡ. ಇಸ್ತ್ರಿ ಮಾಡಿದ ಕೋಟು ತೊಟ್ಟು, ಟೈ ಕಟ್ಟಿ, ತಲೆಗೆ ನೀರು ಹಾಕಿ ಬಾಚಿಕೊಂಡು ಬಂದ.

ಹೋಟೆಲಿನ ಒಡತಿ ಸುನ್ಯೆ ಮೇಜು ಒರೆಸುತ್ತಿದ್ದಳು. ಎಪ್ಪತ್ತರ ಹೆಂಗಸು; ಇಡೀ ಬೀದಿಗೆ ಚಿಕ್ಕಮ್ಮ.

“ಎಷ್ಟು ಜನ?”

ದೊಕ್ಸುವಿನ ಕಣ್ಣು ಹಾಳೆಯ ಮೇಲೆ ಬಿತ್ತು. “ಇಬ್ಬರು, ಚಿಕ್ಕಮ್ಮ. ಇನ್ನೊಬ್ಬರು ಬರ್ತಾರೆ.”

ಒರೆಸುತ್ತಿದ್ದ ಕೈ ನಿಂತಿತು. ಸುನ್ಯೆ ಗಡಿಯಾರ ನೋಡಿದಳು, ಅವನನ್ನು ನೋಡಿದಳು. “ಬುಧವಾರ ಅಲ್ವಾ ಇವತ್ತು” ಎಂದಳು, ಯಾರಿಗೋ ಹೇಳುವ ಹಾಗೆ. “ಒಳಗೆ ಹೋಗಿ. ಕಿಮ್ಚಿ ಫ್ರಿಜ್ ಹಿಂದಿನ ಮೇಜು.”

“ನಮ್ಮದು ಕಿಟಕಿ ಪಕ್ಕದ್ದಲ್ವಾ?”

“ಇವತ್ತು ಅಲ್ಲೇ ಕೂತ್ಕೊಳ್ಳಿ.”

ಖಾರದ ಎಲೆಕೋಸಿನ ಉಪ್ಪಿನಕಾಯಿ ಇಡುವ ಆ ಫ್ರಿಜ್ಜಿನ ಹಿಂದೆ ಬಲು ಇಕ್ಕಟ್ಟು. ಸುನ್ಯೆ ಕೆಂಡ ತಂದು ಸುರಿದಳು. ಎರಡು ಬಟ್ಟಲು, ಎರಡು ಜೊತೆ ಊಟದ ಕಡ್ಡಿ, ಎರಡು ಪಾಲು ಮಾಂಸ. ಅದರ ಜೊತೆಗೆ ಕೇಳದಿದ್ದರೂ ಒಂದು ತಟ್ಟೆ ಹಂದಿಯ ಚರ್ಮ, ಅರ್ಧ ಬಾಟಲಿ ಸೋಜು ಸಾರಾಯಿ.

“ಚರ್ಮ ಬೇಡ ಚಿಕ್ಕಮ್ಮ. ನಮ್ಮನೆಯೋಳಿಗೆ ಅದನ್ನ ಕಂಡ್ರೇ ಆಗ್ತಿರ್ಲಿಲ್ಲ.”

“ಇರಲಿ ಬಿಡಿ” ಎಂದು ಅವಳು ಬೆನ್ನು ತಿರುಗಿಸಿದಳು.

ದೊಕ್ಸು ಕೋಟಿನ ತೋಳು ಮಡಿಸಿ ಇಕ್ಕಳ ಹಿಡಿದ. ಹನ್ನೊಂದು ಮೀಟರಿನ ಬಸ್ಸನ್ನು ಸಂತೆ ಬೀದಿಯಲ್ಲಿ ಹಿಂದಕ್ಕೆ ತೆಗೆದ ಕೈ ಅದು. ಇಕ್ಕಳ ಮಾತ್ರ ಅದಕ್ಕೆ ಒಗ್ಗಲಿಲ್ಲ. ಅಷ್ಟೂ ಮಾಂಸವನ್ನು ಒಟ್ಟಿಗೇ ಹರಡಿದ. ಬೆಂದಿತೋ ಇಲ್ಲವೋ ಎಂಬ ಅನುಮಾನಕ್ಕೆ, ನಿದ್ದೆ ಬಾರದ ಮಗುವಿನ ಹಾಗೆ ಅದನ್ನು ಮತ್ತೆ ಮತ್ತೆ ಮಗ್ಗುಲು ಬದಲಿಸಿದ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಭಗ್ಗನೆ ಎದ್ದಿತು. ಎಡಗಡೆಯ ಹುಬ್ಬಿನ ತುದಿ ಸುಟ್ಟಿತು. ಮೊದಲ ಚೂರು ಹಸಿ, ಎರಡನೆಯದು ಇದ್ದಿಲು. ಗಾಬರಿಯಿಂದ ಉಳಿದದ್ದನ್ನು ಅಂಚಿಗೆ ಎಳೆದುಕೊಂಡ.

ಆ ಹೊತ್ತಿಗೆ ಬಾಗಿಲ ಬಳಿಯ ಕಾಫಿ ಯಂತ್ರದಲ್ಲಿ ಪುಕ್ಕಟೆ ಕಾಫಿ ಕುಡಿಯಲು ಮನೆ ದಲ್ಲಾಳಿ ಬಾಂಗ್ ಬಂದ. ದಿನವೂ ಬರುವವನೇ.

“ಚಿಕ್ಕಮ್ಮಾ, ಫ್ರಿಜ್ಜಿಗೆ ಬೆಂಕಿ ಬಿದ್ದಿದೆ!”

ಲೋಟ ಹಿಡಿದೇ ಓಡಿಬಂದವನು ಹೊಗೆಯೊಳಗೆ ಟೈ ಕಟ್ಟಿಕೊಂಡು ಕೂತಿದ್ದ ದೊಕ್ಸುವನ್ನು ಕಂಡ. ಆಮೇಲೆ ಎರಡು ಬಟ್ಟಲು ಕಂಡ.

“ಅಣ್ಣಾ! ಇಲ್ಲಿ ಯಾಕೆ ಬಚ್ಚಿಟ್ಕೊಂಡಿದೀರಿ? ಯಾರೋ ಬರೋ ಹಾಗಿದೆ?”

“ಹೂಂ. ಒಬ್ಬರು.”

“ಗಂಡಸೋ ಹೆಂಗಸೋ?”

ಬರುವುದೇ ಇಲ್ಲದವಳನ್ನು ಗಂಡಸೆಂದು ಹೇಳಲು ಅವನಿಗೆ ಮನಸ್ಸಾಗಲಿಲ್ಲ. “ಹೆಂಗಸು” ಎಂದ.

ಬಾಂಗ್‌ಗೆ ಕಾಫಿ ನೆತ್ತಿಗೇರಿತು. “ಭಲೇ ಅಣ್ಣ! ಒಳ್ಳೇದೇ ಮಾಡಿದ್ರಿ. ನಾನು ಯಾರಿಗೂ ಹೇಳಲ್ಲ” ಎಂದವನು ಆಚೆ ಹೋಗಿ ಫೋನು ತೆಗೆದ.

ಐದು ನಿಮಿಷವೂ ಆಗಿರಲಿಲ್ಲ, ಇಸ್ತ್ರಿ ಅಂಗಡಿಯ ಮಾ ಒಳಗೆ ನುಗ್ಗಿದಳು. ಯೊನ್ಸಿಮ್‌ಗೆ ಇಪ್ಪತ್ತು ವರ್ಷದ ಗೆಳತಿ. ಪ್ರತಿ ಬುಧವಾರ ಸಂಜೆ ಇಬ್ಬರೂ ಸಾರ್ವಜನಿಕ ಸ್ನಾನದ ಮನೆಗೆ ಒಟ್ಟಿಗೇ ಹೋಗಿ ಬೆನ್ನು ಉಜ್ಜಿಕೊಳ್ಳುತ್ತಿದ್ದವರು. ಅವಸರದಲ್ಲಿ ಕೋಟು ನೇತುಹಾಕುವ ತಂತಿಯನ್ನು ಕೈಯಲ್ಲೇ ಹಿಡಿದು ಬಂದಿದ್ದಳು.

“ಯೊನ್ಸಿಮ್ ಯಜಮಾನ್ರೇ, ಇವತ್ತು ಯಾವ ದಿನ ಅಂತ ನೆನಪಿದೆಯಾ?”

“ನೆನಪಿದೆ.”

“ನೆನಪಿದ್ದೂ! ಬೆಳಿಗ್ಗೆ ಈ ಕೋಟು ತಂದ್ಕೊಟ್ಟಾಗ ನಾನು ಏನಂದ್ಕೊಂಡೆ? ಪಾಪ, ಹೆಂಡತಿ ಚಿತಾಭಸ್ಮದ ಮುಂದೆ ಹೂವಿಡೋಕೆ ಹೋಗ್ತಾರೆ ಅಂತ ಕಾಲರ್‌ಗೆ ಎರಡು ಸಲ ಇಸ್ತ್ರಿ ಹಾಕ್ದೆ. ನೋಡಿದ್ರೆ ಇನ್ನೊಬ್ಬಳಿಗೆ ಮಾಂಸ ತಿನ್ಸೋಕಾ!”

“ಅಕ್ಕಾ, ಅವರ ಜೀವನ ಅವರದು” ಎಂದು, ಅವಳ ಹಿಂದೆಯೇ ಒಳಗೆ ಬಂದಿದ್ದ ಬಾಂಗ್ ತಡೆದ.

“ನೀನು ಬಾಯಿ ಮುಚ್ಚು. ಗಂಡನ ಬಸ್ಸಿಗೆ ಏನೂ ಆಗದಿರಲಿ ಅಂತ ಬುಧವಾರ ಬುಧವಾರ ಉಪವಾಸ ಮಾಡಿದ ಜೀವ ಅದು. ಬರಲಿ ಅವಳು. ಮುಖ ನೋಡೇ ಹೋಗ್ತೀನಿ.” ಮಾ ಎದುರಿನ ಕುರ್ಚಿ ಎಳೆದಳು.

“ಆ ಜಾಗದಲ್ಲಿ ಕೂರಬೇಡಿ” ಎಂದ ದೊಕ್ಸು. ಅವನ ದನಿ ಅಷ್ಟು ಗಡುಸಾದದ್ದನ್ನು ಯಾರೂ ಕೇಳಿರಲಿಲ್ಲ. ಮಾ ನಿಂತೇ ಉಳಿದಳು, ಆದರೆ ಕೋಪಕ್ಕೆ ಏನಾದರೂ ಮಾಡಬೇಕಲ್ಲ, ಇಕ್ಕಳ ಕಿತ್ತುಕೊಂಡು ಮಾಂಸವನ್ನು ರಪರಪನೆ ತಿರುವತೊಡಗಿದಳು.

“ಕೊಡಿ ಅದನ್ನ. ನಾನೇ ಸುಡಬೇಕು.”

“ಸುಟ್ಟಿದ್ದು ಕಾಣ್ತಾ ಇದೆ!”

ಇಬ್ಬರೂ ಇಕ್ಕಳದ ಒಂದೊಂದು ತುದಿ ಹಿಡಿದು ಎಳೆದಾಡುವಾಗ ಒಂದು ಚೂರು ಹಾರಿ ಬಾಂಗ್‌ನ ಕಾಫಿಯೊಳಗೆ ಬಿತ್ತು. ಸರಿಯಾಗಿ ಆಗಲೇ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಬಂದವಳು ಮೊಸರಿನ ಗಾಡಿಯ ಸೊಲ್. ಬೀದಿಯ ಮನೆಮನೆಗೂ ಮೊಸರಿನ ಸಣ್ಣ ಬಾಟಲಿ ಹಂಚುವವಳು, ಸುನ್ಯೆಯ ಪಾಲಿನ ಎರಡನ್ನು ಕೊಡಲು ಬಂದಿದ್ದಳು.

ಬಾಂಗ್ ಸೊಂಟ ಬಗ್ಗಿಸಿ ವಂದಿಸಿದ. “ಬನ್ನಿ ಬನ್ನಿ. ಅಣ್ಣ ಆವಾಗಿಂದ ಕಾಯ್ತಾ ಇದ್ದಾರೆ.”

“ಯಾರು? ನನ್ನನ್ನಾ?”

“ಓಹೋ, ನೀನಾ!” ಮಾ ತಂತಿ ಎತ್ತಿದಳು. “ದಿನಾ ನಮ್ಮಂಗಡಿಗೆ ಬಂದು ‘ಅಕ್ಕಾ ಹೊಟ್ಟೆಗೆ ಒಳ್ಳೇದು, ಒಂದು ಕುಡೀರಿ’ ಅಂತ ನಕ್ಕು ಹೋಗ್ತೀಯಲ್ಲೇ!”

“ಹೊಟ್ಟೆಗೆ ಒಳ್ಳೇದಲ್ವಾ ಮತ್ತೆ?” ಸೊಲ್ ತಬ್ಬಿಬ್ಬಾದಳು. ಹೊಗೆಯ ನಡುವಿನ ಟೈ, ಎರಡು ಬಟ್ಟಲು, ಮಾ ಕೈಯ ತಂತಿ ಎಲ್ಲವನ್ನೂ ನೋಡಿ ಸಂಗತಿ ಅರ್ಥವಾಗುತ್ತಲೇ ಮೊಸರಿನ ಬಾಟಲಿ ಎದೆಗೊತ್ತಿಕೊಂಡಳು. “ಅಯ್ಯಯ್ಯೋ, ನನಗೆ ಗಂಡ ಇದ್ದಾನೆ! ಎರಡು ಮಕ್ಕಳಿದ್ದಾವೆ! ಈ ಅಣ್ಣನ ಬಸ್ಸು ಹತ್ತಿದ್ದೀನಿ, ಅಷ್ಟೇ!”

“ಇದೆಲ್ಲ ಯೊನ್ಸಿಮ್‌ಗೆ!” ಎಂದು ದೊಕ್ಸು ಕೂಗಿದ.



“ಆ ಬಟ್ಟಲು ಯೊನ್ಸಿಮ್‌ದು. ಬೇರೆ ಯಾರೂ ಬರಲ್ಲ. ಒಬ್ಬರಿಗೆ ಬಡ್ಸಲ್ಲ ಅಂತ ಬರೆದಿದೆಯಲ್ಲ, ಅದಕ್ಕೆ ಇಬ್ಬರು ಅಂದೆ.” ಅವನು ಬಟ್ಟಲನ್ನು ಒಂದಿಷ್ಟು ಸರಿಮಾಡಿಟ್ಟ. “ಮೂವತ್ತಾರು ವರ್ಷ ನನ್ನ ಬಾಯಿಗಿಟ್ಟಳು. ತಾನು ಎಲೆ ತಿಂದ್ಳು. ಒಂದು ದಿನ, ಒಂದೇ ಒಂದು ದಿನ ನಾನು ಇಕ್ಕಳ ಹಿಡೀಲಿಲ್ಲ. ಇವತ್ತು ಒಂದು ಚೂರು ಸರಿಯಾಗಿ ಸುಟ್ಟು ಇಲ್ಲಿ ಹಾಕೋಣ ಅಂದ್ರೆ, ಅದೂ ನನ್ನ ಕೈಲಿ ಆಗ್ತಿಲ್ಲ.”

ಮಾ ತಂತಿಯನ್ನು ಕೆಳಗಿಟ್ಟಳು. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಇಕ್ಕಳವನ್ನು ಎರಡೂ ಕೈಯಲ್ಲಿ ಅವನಿಗೆ ಮರಳಿಸಿದಳು. ಬಾಂಗ್ ತನ್ನ ಕಾಫಿಯನ್ನೇ ನೋಡುತ್ತ ನಿಂತ. ಜಾಲರಿಯ ಮೇಲೆ ಇನ್ನೂ ಒಂದೇ ಒಂದು ಚೂರು ಚೆನ್ನಾಗಿತ್ತು. ಅಂಚು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲರೂ ಅದನ್ನೇ ನೋಡಿದರು.

ಸುನ್ಯೆ ಕೈಯೊರೆಸಿಕೊಳ್ಳುತ್ತ ಬಂದಳು. “ಈ ಮಾತು ನನ್ನ ಜೊತೆಗೇ ಹೋಗಲಿ ಅಂದ್ಕೊಂಡಿದ್ದೆ” ಎಂದಳು. “ಆದ್ರೆ ನೀವು ಇಷ್ಟು ನೊಂದ್ಕೊಳ್ಳೋದು ನೋಡಕ್ಕಾಗಲ್ಲ. ಯೊನ್ಸಿಮ್ ಇಲ್ಲಿಗೆ ಬರ್ತಿದ್ಳು. ಒಬ್ಬಳೇ.”

“ಯಾವಾಗ?”

“ಬುಧವಾರ ಮೂರು ಗಂಟೆಗೆ. ಒಂಬತ್ತು ವರ್ಷ. ಮೊದಲನೇ ದಿನ ಆ ಹಾಳೆ ನೋಡಿ ನಿಮ್ಮ ಥರಾನೇ ಅಂದ್ಳು, ‘ಇನ್ನೊಬ್ಬರು ಬರ್ತಾರೆ ಚಿಕ್ಕಮ್ಮ.’ ಯಾರೂ ಬರ್ಲಿಲ್ಲ. ಎರಡು ಪಾಲೂ ಅವಳೇ ತಿಂದ್ಳು. ಚರ್ಮಾನೂ. ಆಮೇಲೆ ನಾನು ಕೇಳೋದೇ ಬಿಟ್ಟೆ.”

“ಯೊನ್ಸಿಮ್‌ಗೆ ಮಾಂಸ ಸೇರ್ತಿರ್ಲಿಲ್ಲ” ಎಂದ ದೊಕ್ಸು, ಕ್ಷೀಣವಾಗಿ.

“ಅವಳು ತಿನ್ನೋದನ್ನ ನೀವು ನೋಡಬೇಕಿತ್ತು. ಒಂದಿನ ನಾನೇ ಕೇಳ್ದೆ, ಯಜಮಾನ್ರ ಜೊತೆ ಬಂದಾಗ ಯಾಕಮ್ಮ ತಿನ್ನಲ್ಲ ಅಂತ. ‘ಅವರಿದ್ರೆ ಅವರ ಬಾಯಿ ತುಂಬ್ಸೋದ್ರಲ್ಲೇ ಆಗೋಗತ್ತೆ ಚಿಕ್ಕಮ್ಮ. ಇಕ್ಕಳ ಅವರ ಕೈಗೆ ಕೊಟ್ರೆ ಇದ್ದಿದ್ದನ್ನೂ ಸುಟ್ಟಾಕ್ತಾರೆ’ ಅಂದ್ಳು. ಬೇಜಾರಿಂದ ಅಲ್ಲ, ನಗ್ತಾ ಅಂದ್ಳು.”

“ಅದಕ್ಕೇ!” ಎಂದಳು ಮಾ, ಅಳುವಿನ ನಡುವೆ. “ಸ್ನಾನದ ಮನೇಲಿ ನಾನು ಬೇಯಿಸಿದ ಮೊಟ್ಟೆ ಕೊಟ್ರೆ ಒಂದು ಬುಧವಾರಾನೂ ಮುಟ್ಟಿದೋಳಲ್ಲ. ಉಪವಾಸ ಅಂತ ಎಷ್ಟು ಗೌರವ ಇಟ್ಕೊಂಡಿದ್ದೆ! ತಲೆ ಕೂದಲು ಮೂರು ಮೂರು ಸಲ ತೊಳೀತಿದ್ಳು, ಭಕ್ತಿ ಅಂದ್ಕೊಂಡೆ. ಹೊಗೆ ವಾಸನೆ!”

ಅಷ್ಟೂ ವರ್ಷ ಡಿಪೋದಲ್ಲಿ ತಾನು ಹೇಳಿಕೊಂಡು ತಿರುಗಿದ್ದೆಲ್ಲ ದೊಕ್ಸುವಿಗೆ ಒಂದೊಂದಾಗಿ ನೆನಪಿಗೆ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಹೊಟ್ಟೆಕಿಚ್ಚಾಯಿತು. ಹೆಂಡತಿ ಹೊಟ್ಟೆ ತುಂಬ ತಿಂದು ನಕ್ಕ ಒಂಬತ್ತು ವರ್ಷದ ಬುಧವಾರಗಳಲ್ಲಿ ಒಂದರಲ್ಲೂ ತಾನಿರಲಿಲ್ಲ.

“ಮತ್ತೆ ಈ ಮೂಲೆ ಯಾಕೆ?” ಎಂದ ಕೊನೆಗೆ. “ಕಿಟಕಿ ಪಕ್ಕ ನಮ್ಮ ಮೇಜು ಖಾಲಿ ಇರ್ತಿತ್ತಲ್ಲ.”

“ಮೂರು ಇಪ್ಪತ್ತಕ್ಕೆ ನಿಮ್ಮ ಬಸ್ಸು ಇದೇ ಬಾಗಿಲ ಮುಂದೆ ಹಾದು ಹೋಗ್ತಿರ್ಲಿಲ್ವಾ? ಕಿಟಕಿ ಹತ್ರ ಕೂತ್ರೆ ನಿಮ್ಮ ಕಣ್ಣಿಗೆ ಬೀಳ್ತಿದ್ಳು. ಅದಕ್ಕೆ ಇಲ್ಲಿ. ಬ್ರೇಕಿನ ಸದ್ದು ಕೇಳಿಸಿದ ತಕ್ಷಣ ಬಾಯಲ್ಲಿ ಇದ್ದಿದ್ದನ್ನ ಹಾಗೇ ಇಟ್ಕೊಂಡು ತಲೆ ತಗ್ಗಿಸಿಬಿಡೋಳು. ‘ಹೋದ್ರಾ ಚಿಕ್ಕಮ್ಮ?’ ಅನ್ನೋಳು. ನಾನು ಬಗ್ಗಿ ನೋಡಿ ಹೇಳ್ತಿದ್ದೆ.”

ಅಷ್ಟರಲ್ಲಿ ಹೊರಗೆ, ಬೀದಿಯ ತಿರುವಿನಲ್ಲಿ, ಇಪ್ಪತ್ಮೂರನೇ ನಂಬರಿನ ಬಸ್ಸು ಕಿರ್ರೆಂದು ಬ್ರೇಕು ಹಾಕಿತು. ಆ ಸದ್ದು ದೊಕ್ಸುವಿಗೆ ತನ್ನ ಕೆಮ್ಮಿನಷ್ಟೇ ಪರಿಚಯದ್ದು. ಅವನು ಚಕ್ಕನೆ ತಲೆ ತಗ್ಗಿಸಿದ. ಯಾಕೆಂದು ಅವನಿಗೂ ತಿಳಿಯದು. ಅವನನ್ನು ನೋಡಿ ಮಾ ಬಗ್ಗಿದಳು, ಬಾಂಗ್ ಬಗ್ಗಿದ, ಏನೂ ಅರ್ಥವಾಗದ ಸೊಲ್ ಕೂಡ ಮೊಸರು ಹಿಡಿದು ಕುಕ್ಕರಿಸಿದಳು. ಬಸ್ಸು ಗುರುಗುಟ್ಟುತ್ತ ಬಾಗಿಲ ಮುಂದೆ ಹಾದುಹೋಯಿತು.

ಸುನ್ಯೆ ಫ್ರಿಜ್ಜಿನ ಆಚೆಗೆ ಕತ್ತು ಚಾಚಿ ನೋಡಿದಳು.

“ಹೋಯ್ತು” ಎಂದಳು, ಒಂಬತ್ತು ವರ್ಷದ ರೂಢಿಯಲ್ಲಿ. “ಇನ್ನು ತಿನ್ನಮ್ಮ.”

ದೊಕ್ಸು ತಲೆಯೆತ್ತಿದಾಗ, ಯೊನ್ಸಿಮ್ ಬಟ್ಟಲಿಗೆಂದು ಉಳಿಸಿಕೊಂಡಿದ್ದ ಆ ಕೊನೆಯ ಚೂರೂ ಸುಟ್ಟು ಕರಕಲಾಗಿತ್ತು.